ಡಬ್ಬಿ ಹೇಳಿದ ಓಣಿ

ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಊರು ಕೇಳುತ್ತಾರೆ. ಊರು ಹೇಳಿದರೆ ಓಣಿ ಕೇಳುತ್ತಾರೆ. ಜಾತಿಯನ್ನು ಮಾತ್ರ ಯಾರೂ ಕೇಳುವುದಿಲ್ಲ, ಅಷ್ಟು ಸಭ್ಯಸ್ಥರು. ಓಣಿ ಗೊತ್ತಾದ ಮೇಲೆ ಅದನ್ನು ಕೇಳುವ ಗರಜೂ ಇರುವುದಿಲ್ಲ. ಸುರಪುರದಲ್ಲಿ ಮಗಳ ಶಾಲೆಯ ಸುತ್ತಮುತ್ತ ನಾನು ನಾಲ್ಕು ಮನೆ ನೋಡಿದೆ. ನಾಲ್ಕು ಕಡೆಯೂ ಓಣಿಯ ಹೆಸರನ್ನು ಇದ್ದದ್ದು ಇದ್ದಂತೆ ಹೇಳಿದೆ. ನಾಲ್ಕೂ ಮನೆಗಳನ್ನು, ನಾನು ಅಲ್ಲಿ ನಿಂತಿರುವಾಗಲೇ, ಬೇರೆ ಯಾರಿಗೋ ಕೊಟ್ಟಾಗಿತ್ತು.

ನಾನು ಕೆಂಭಾವಿ ರಸ್ತೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲ್ ಟೀಚರ್. ಗಂಡನ ಕೆಲಸ ಯಾದಗಿರಿಯಲ್ಲಿ, ಭಾನುವಾರಕ್ಕೆ ಬಂದು ಹೋಗುತ್ತಾರೆ. ನಾನು ಬೆಳಿಗ್ಗೆ ಎಂಟಕ್ಕೇ ಬಸ್ಸು ಹಿಡಿಯಬೇಕು, ಸಂಜೆ ಬರುವುದು ಆರಕ್ಕೆ. ಎಂಟನೆಯ ಇಯತ್ತೆಯ ಹುಡುಗಿ ಒಬ್ಬಳೇ ಶಾಲೆಗೆ ಹೋಗಿ, ಒಬ್ಬಳೇ ಮನೆಗೆ ಬಂದು, ಬಾಗಿಲು ಹಾಕಿಕೊಂಡು ಕೂರಬೇಕು. ಅದಕ್ಕೆ ಶಾಲೆಯ ಪಕ್ಕದಲ್ಲೇ, ಕೆಳಗೆ ಯಾರಾದರೂ ಇರುವ ಮನೆ ಬೇಕಿತ್ತು. ನನಗೆ ಬೇಕಿದ್ದದ್ದು ಅಷ್ಟೇ.

ಐದನೆಯದು ಅಂಥ ಮನೆ. ಶಾಲೆಯ ಗಂಟೆ ಮಾಳಿಗೆಯ ಮೇಲೆ ಕೇಳುತ್ತಿತ್ತು. ಗೇಟಿನ ಮೇಲೆ 'ಶಿವಕೃಪಾ' ಎಂದು ಹಿತ್ತಾಳೆ ಅಕ್ಷರ. ಕೆಳಗೆ ಮಾಲೀಕರು ಮತ್ತು ಅವರ ಹೆಂಡತಿ, ಇಬ್ಬರೇ. ಮಾಲೀಕರು ಸರ್ಕಾರಿ ಗುಮಾಸ್ತರಾಗಿ ನಿವೃತ್ತರಾದವರು, ಮೂರು ಹೊತ್ತೂ ವಿಭೂತಿ ಧರಿಸುವವರು. ಮೂವತ್ತು ವರ್ಷ ಜಾತಿ ಪ್ರಮಾಣಪತ್ರದ ಅರ್ಜಿಗಳನ್ನೇ ನೋಡಿದ್ದರಂತೆ. ಅದನ್ನು ಹೆಮ್ಮೆಯಿಂದ ಹೇಳಿದರು.

"ಹಳ್ಳಿ ಹೆಸರ ಹೇಳ್ರಿ ಸಾಕು, ಟೀಚರ್ರ. ಎಷ್ಟ ಓಣಿ ಅದಾವ, ಯಾವ ಓಣ್ಯಾಗ ಯಾರ ಇರ್ತಾರ, ಇಲ್ಲೇ ಕುಂತ ಹೇಳ್ತೀನಿ."

ಸಗರದ ಕಡೆಯ ನಮ್ಮ ಹಳ್ಳಿಯ ಹೆಸರು ಹೇಳಿದೆ.

"ಬರೋಬ್ಬರಿ. ಓಣಿ ಯಾವುದ್ರಿ?"

ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು. ಮೇಲಿನ ಮನೆಯ ಕಿಟಕಿಯಿಂದ ತನ್ನ ಶಾಲೆ ಕಾಣುತ್ತದೆ ಎಂದು ಆಗಲೇ ನೋಡಿಕೊಂಡು ಬಂದಿದ್ದಳು.

"ಅಗಸಿ ಹತ್ರ ಬರ್ತದ್ರಿ, ಕಾಕಾ," ಎಂದೆ.

ಅಗಸಿ ಎಂದರೆ ಊರಬಾಗಿಲು. ನಮ್ಮ ಊರಲ್ಲಿ ಅಗಸಿಯ ಒಳಮಗ್ಗುಲಲ್ಲಿ ಗೌಡರ ಮನೆಗಳಿವೆ, ಹೊರಮಗ್ಗುಲಲ್ಲಿ ನಮ್ಮವು. ಒಳಗೋ ಹೊರಗೋ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೆಸರಿಗೆ ಅಡ್ಡಹೆಸರು ಹಚ್ಚುವ ಚಟವನ್ನು ಅಪ್ಪ ಎಂದೋ ಬಿಡಿಸಿದ್ದ, ಹೀಗಾಗಿ ಹೆಸರಿನಿಂದಲೂ ಏನೂ ತಿಳಿಯುವಂತಿರಲಿಲ್ಲ. ಕಾಕಾರ ಮುಖ ಅರಳಿತು. "ಛಲೋ ಆತು, ಬರ್ರಿ," ಎಂದು ಬೀಗದ ಕೈ ಕೊಟ್ಟರು.

ಒಂದು ವರ್ಷ ಸುಖವಾಗಿ ಕಳೆಯಿತು. ಇದನ್ನು ನಾನು ಬರೆಯಲೇಬೇಕು, ಯಾಕೆಂದರೆ ಅದು ನಿಜ. ಕಾಕಿ, ಅಂದರೆ ಮಾಲೀಕರ ಹೆಂಡತಿ, ನನ್ನನ್ನು ಅಕ್ಕೋರ ಎಂದು ಕರೆಯುತ್ತಿದ್ದರು. ನಮ್ಮಲ್ಲಿ ಟೀಚರಮ್ಮನಿಗೆ ಹಾಗೆ ಮರ್ಯಾದೆ ಕೊಡುವುದು ರೂಢಿ. ಮಗಳು ಅವರನ್ನು ಆಯಿ ಎನ್ನುತ್ತಿದ್ದಳು. ಶಾಲೆಯಿಂದ ಬಂದ ಕೂಡಲೇ ಆಯಿಯ ಮುಂದೆ ಕೂತು ಹೆರಳು ಹಾಕಿಸಿಕೊಳ್ಳುತ್ತಿದ್ದಳು. ಕೆಳಗಿನಿಂದ ಬಟ್ಟಲಲ್ಲಿ ಎಣ್ಣೆಗಾಯಿ ಬರುತ್ತಿತ್ತು, ಮೇಲಿನಿಂದ ಅದೇ ಬಟ್ಟಲಲ್ಲಿ ನನ್ನ ಪುಂಡಿಪಲ್ಯ ಹೋಗುತ್ತಿತ್ತು. ಬಟ್ಟಲನ್ನು ಖಾಲಿ ತಿರುಗಿ ಕೊಡಬಾರದು. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಕಾಕಿ ಇದನ್ನು ತಪ್ಪಿಸಿದ್ದು ನನಗೆ ನೆನಪಿಲ್ಲ.

ಇನ್ನು ಡಬ್ಬಿಯ ವಿಷಯ. ಅಂಗೈಯಷ್ಟು ಅಗಲದ ಸಣ್ಣ ಕಂಪ್ಯೂಟರ್ ಅದು. ಪರದೆ ಇಲ್ಲ, ಕೀಲಿಮಣೆ ಇಲ್ಲ, ಒಂದು ಹಸಿರು ದೀಪ ಮಾತ್ರ. ನನ್ನ ಶಾಲೆಯಲ್ಲಿ ನೆಟ್ ಸಿಗುವುದಿಲ್ಲ. ಮನೆಯಲ್ಲಿ ಆ ಡಬ್ಬಿಗೆ ಪಾಠದ ವಿಡಿಯೋಗಳನ್ನು ತುಂಬಿಕೊಂಡು ಹೋದರೆ ಶಾಲೆಯಲ್ಲಿ ನೆಟ್ ಇಲ್ಲದೆಯೂ ಮಕ್ಕಳಿಗೆ ತೋರಿಸಬಹುದು. ಮನೆ ಬಾಡಿಗೆಯಲ್ಲೇ ಕಾಕಾರ ನೆಟ್ಟೂ ಸೇರಿತ್ತು, ಅವರ ರೌಟರ್ ಕೆಳಗಿನ ಪಡಸಾಲೆಯಲ್ಲಿತ್ತು.

ಡಬ್ಬಿಯನ್ನು ಮೊದಲ ಸಲ ಸಜ್ಜು ಮಾಡಿದ್ದು ಬೇಸಿಗೆ ರಜೆಯಲ್ಲಿ, ಅಪ್ಪನ ಮನೆಯಲ್ಲಿ. ಅದಕ್ಕೊಂದು ಹೆಸರು ಕೊಡಿ ಎಂದು ಲ್ಯಾಪ್‌ಟಾಪ್ ಕೇಳಿತು. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಜೀವಮಾನವಿಡೀ ಮಂದಿಯ ಹೊಲದಲ್ಲಿ ದುಡಿದವನು, ಆದರೆ ಅಕ್ಷರ ಮುದ್ದಾಗಿ ಬರೆಯುತ್ತಾನೆ. ನಮ್ಮ ಓಣಿಗೆ ಬುದ್ಧನಗರ ಎಂದು ಹೆಸರಿಟ್ಟಾಗ ನೀಲಿ ಬೋರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದವನು ಅವನೇ.

"ನಮ್ಮ ಓಣಿ ಹೆಸರ ಇಡು," ಎಂದ.

ಇಟ್ಟೆ. ಇಂಗ್ಲಿಷ್ ಅಕ್ಷರಗಳಲ್ಲಿ ಬುದ್ಧನಗರ ಎಂದು ಬರೆದು ತೋರಿಸಿದೆ. ಅಪ್ಪ ತನ್ನ ಬೋರ್ಡಿನ ಅಕ್ಷರಗಳೇ ಚೆಂದ ಎಂದು ನಕ್ಕ. ಆಮೇಲೆ ಆ ಹೆಸರು ನನಗೆ ಒಮ್ಮೆಯೂ ಬೇಕಾಗಲಿಲ್ಲ. ಡಬ್ಬಿಯ ಜೊತೆ ಮಾತಾಡಲು ರೌಟರ್ ಅದಕ್ಕೆ ಕೊಟ್ಟ ನಂಬರ್ ಒಂದಿದ್ದರೆ ಸಾಕು. ಆ ನಂಬರಿನ ಕೊನೆಯಲ್ಲಿ ಹನ್ನೆರಡು ಬರುತ್ತಿತ್ತು, ನಾನು ಬಾಯಿಪಾಠ ಮಾಡಿಕೊಂಡಿದ್ದೆ.

ಖಂಡೇಪೂಜೆ ಬಂತು. ಆಯುಧಪೂಜೆಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಕಾಕಾ ಪಡಸಾಲೆಯಲ್ಲಿ ಕಂಬಳಿ ಹಾಸಿ ಮನೆಯ ಯಂತ್ರಗಳನ್ನೆಲ್ಲ ಸಾಲಾಗಿ ಇಟ್ಟರು. ಮಿಕ್ಸರ್, ಇಸ್ತ್ರಿಪೆಟ್ಟಿಗೆ, ಕುಡುಗೋಲು, ರೌಟರ್, ಮೂವತ್ತು ವರ್ಷ ಪ್ರಮಾಣಪತ್ರ ಬರೆದ ಪೆನ್ನು. "ನಿಮ್ಮವೂ ತರ್ರಿ, ಟೀಚರ್ರ," ಎಂದು ಕರೆದರು. ಲ್ಯಾಪ್‌ಟಾಪನ್ನೂ ಡಬ್ಬಿಯನ್ನೂ ಒಯ್ದು ಇಟ್ಟೆ. ಡಬ್ಬಿಗೆ ಅವರೇ ಕೈಯಾರೆ ಮೂರು ಬೆರಳ ವಿಭೂತಿ ಹಚ್ಚಿದರು, ಮೇಲೊಂದು ಚೆಂಡುಹೂ ಇಟ್ಟರು. ಅಂದು ಯಾವುದಕ್ಕೂ ಕೆಲಸ ಹಚ್ಚಬಾರದು, ಮರುದಿನದವರೆಗೆ ಎಲ್ಲವೂ ಬಂದ್ ಆಗಿರಬೇಕು. ಪೆನ್ನನ್ನೂ ಅವರು ಮುಟ್ಟಲಿಲ್ಲ.

ಮರುದಿನ ದಸರೆ. ಅಂದೇ, ಬೌದ್ಧ ದೀಕ್ಷೆಯ ನೆನಪಿಗೆ, ನಮ್ಮ ಓಣಿಯಲ್ಲಿ ಬಿಳಿ ಬಟ್ಟೆ ಉಟ್ಟು ಎಲ್ಲರೂ ಬುದ್ಧವಂದನೆಗೆ ಕೂರುತ್ತಾರೆ. ರಜೆ ಇದ್ದರೂ ನಾನು ಹೋಗಿರಲಿಲ್ಲ. ಹೋದರೆ ಬಿಳಿ ಸೀರೆ ಉಟ್ಟು ಎಲ್ಲಿಗೆ ಹೊರಟಿರಿ ಎಂದು ಕಾಕಿ ಕೇಳುತ್ತಾರೆ. ಅದಕ್ಕೆ ಬದಲಾಗಿ ಬೆಳಿಗ್ಗೆ ಕೆಳಗೆ ಹೋಗಿ, ಬನ್ನಿ ಎಲೆ ಕೊಟ್ಟು, ಇಬ್ಬರ ಕಾಲಿಗೂ ನಮಸ್ಕಾರ ಮಾಡಿದೆ. ಬಂಗಾರದಂಗ ಇರ್ರಿ ಎಂದು ಕಾಕಿ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದರು. ಬೆಳಗಿನ ಎಂಟೂವರೆಗೆ ಇಷ್ಟು ಪ್ರೀತಿ ಇತ್ತು.

ಮೇಲೆ ಬಂದು ಡಬ್ಬಿಗೆ ಕರೆಂಟ್ ಕೊಟ್ಟೆ. ಹಸಿರು ದೀಪ ಹತ್ತಿತು. ಲ್ಯಾಪ್‌ಟಾಪಿನಲ್ಲಿ ಹನ್ನೆರಡರ ನಂಬರ್ ಒತ್ತಿದೆ. ಡಬ್ಬಿ ಸಿಗಲಿಲ್ಲ. ಎರಡು ಸಲ ಆರಿಸಿ ಹಚ್ಚಿದ ಮೇಲೆ ಹೊಳೆಯಿತು. ರೌಟರ್ ಒಂದು ಹಗಲು ಒಂದು ರಾತ್ರಿ ಮಲಗಿ ಎದ್ದಿದೆ, ಹಳೆಯದೆಲ್ಲ ಮರೆತಿದೆ. ಯಾರು ಮೊದಲು ಬಂದರೋ ಅವರಿಗೆ ಮೊದಲ ನಂಬರ್ ಎಂದು ಹೊಸದಾಗಿ ಹಂಚಿಬಿಟ್ಟಿದೆ. ಆ ಮನೆಯಲ್ಲಿ ಮೊಬೈಲುಗಳಿದ್ದವು, ಟಿವಿ ಇತ್ತು, ಗೇಟಿಗೆ ಕ್ಯಾಮೆರಾ ಇತ್ತು. ನನ್ನ ಡಬ್ಬಿಗೆ ಯಾವ ನಂಬರ್ ಬಿದ್ದಿದೆಯೋ ಯಾರಿಗೆ ಗೊತ್ತು? ಒಂದೊಂದೇ ನಂಬರನ್ನು ಕರೆದು ನೋಡಿದೆ. ಕೆಲವು ಓಗೊಟ್ಟವು, ತಾವು ಯಾರೆಂದು ಮಾತ್ರ ಹೇಳಲಿಲ್ಲ.

ಓಗೊಟ್ಟ ಒಂದೊಂದರ ಬಾಗಿಲನ್ನೂ ಸಮಾಧಾನದಿಂದ ತಟ್ಟಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಮೊಬೈಲಿನಲ್ಲಿ ಒಂದು ಪುಕ್ಕಟೆ ಆ್ಯಪ್ ಹಾಕಿಕೊಂಡಿದ್ದರೆ ಕೂತಲ್ಲೇ ಎಲ್ಲ ನಂಬರುಗಳೂ ಕಾಣುತ್ತಿದ್ದವು. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಅವಸರವಾದರೂ ಇತ್ತೇ, ಅದೂ ಇರಲಿಲ್ಲ, ಶಾಲೆ ತೆರೆಯಲು ಇನ್ನೂ ಬಹಳ ದಿನವಿತ್ತು. ಆದರೂ ನಾನು ಮಗಳನ್ನು ಕರೆದುಕೊಂಡು ಮೆಟ್ಟಿಲಿಳಿದೆ. ರೌಟರಿನ ಪುಟದಲ್ಲಿ ಯಾರ್ಯಾರು ಸೇರಿದ್ದಾರೆ ಎಂಬ ಪಟ್ಟಿ ಇರುತ್ತದೆ, ಹೇಗೆ ಹುಡುಕುವುದೆಂದು ನೀನೂ ಕಲಿ ಬಾ ಎಂದೆ. ಆ ಮಾತು ನೆನಪಾದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಕಾಕಾ ಖುಷಿಯಿಂದ ಎದ್ದರು. ಅವರಿಗೆ ಕೆಲಸ ಸಿಕ್ಕಂತಾಗಿತ್ತು. ಪಡಸಾಲೆಯ ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಒಂದಿತ್ತು. ರೌಟರಿನ ಪಾಸ್‌ವರ್ಡನ್ನು ಉದ್ದನೆಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ನಾನು ಕಂಪ್ಯೂಟರಿನ ಮುಂದಿನ ಕುರ್ಚಿಯ ಕಡೆ ಹೋದೆ.

"ನೀವ ಕುಂದ್ರಿ ಅಲ್ಲಿ. ನಾ ಓದ್ತೀನಿ, ನೀವು ಬರ್ಕೊಳ್ರಿ," ಎಂದರು. ಕಚೇರಿಯಲ್ಲಿದ್ದಾಗಲೂ ಅವರು ತಮ್ಮ ರಿಜಿಸ್ಟರನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸಿದವರಲ್ಲವಂತೆ. ಅದನ್ನೂ ಹಿಂದೊಮ್ಮೆ ಹೆಮ್ಮೆಯಿಂದಲೇ ಹೇಳಿದ್ದರು.

ನಾನು ಹಾಳೆ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂತೆ. ಮಗಳು ನನ್ನ ಕುರ್ಚಿಗೆ ಆನಿಕೊಂಡು ನಿಂತಳು. ಕಾಕಿ ತಟ್ಟೆಯಲ್ಲಿ ಕರಿಗಡಬು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಕಾಕಾ ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ, ಮೊದಲು ನಂಬರ್, ಆಮೇಲೆ ಹೆಸರು, ಓದತೊಡಗಿದರು. ಎರಡು ಅವರ ಮೊಬೈಲು. ಮೂರು ಕಾಕಿಯದು. ನಾಲ್ಕು ಟಿವಿ. ಐದು ಗೇಟಿನ ಕ್ಯಾಮೆರಾ.

ಆಗ ನನಗೆ ನೆನಪಾಯಿತು. ಪಟ್ಟಿಯಲ್ಲಿ ಹೆಸರೂ ಇರುತ್ತದೆ ಎನ್ನುವುದು ಅವರು ಐದನೆಯದು ಓದುವವರೆಗೆ ನನ್ನ ತಲೆಗೆ ಬಂದಿರಲಿಲ್ಲ ಎಂದರೆ ಯಾರೂ ನಂಬಲಾರರು. ಬಿಡ್ರಿ ಕಾಕಾ, ಆಮೇಲೆ ನೋಡೋಣ ಎನ್ನಬೇಕೆಂದು ಬಾಯಿ ತೆರೆದೆ. ಅವರು ಆಗಲೇ ಆರಕ್ಕೆ ಬಂದಿದ್ದರು.

"ಆರು. ಬಿ, ಯು, ಡಿ, ಡಿ, ಎಚ್..." ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಕೂಡಿಸಿ ಓದಿದರು. "ಬುದ್ಧನಗರ."

ಬೆರಳು ಅಲ್ಲೇ ನಿಂತಿತು. ನಮ್ಮ ಹಳ್ಳಿಯಲ್ಲಿ ಎಷ್ಟು ಓಣಿ, ಯಾವುದರಲ್ಲಿ ಯಾರು ಎಂದು ಕೂತಲ್ಲೇ ಹೇಳಬಲ್ಲ ಮನುಷ್ಯ. ಅವರು ಈಗ ನಮ್ಮ ಅಗಸಿ ದಾಟಿ ಹೊರಗೆ ಬಂದು, ಅಪ್ಪನ ನೀಲಿ ಬೋರ್ಡಿನ ಮುಂದೆ ನಿಂತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಇದು ಯಾರ್ದ್ರಿ?"

ನಂದು ಎನ್ನಲು ಎರಡೇ ಅಕ್ಷರ ಸಾಕಿತ್ತು. ಶಾಲೆಯಲ್ಲಿ ನಾನು ಮಕ್ಕಳಿಗೆ ಸಂವಿಧಾನದ ಪೀಠಿಕೆಯನ್ನು ಹೇಳಿಸುವವಳು, ಯಾರಿಗೂ ತಲೆ ತಗ್ಗಿಸಬೇಡಿ ಎಂದು ಗಂಟಲು ಹರಿಯುವಂತೆ ಪಾಠ ಮಾಡುವವಳು. ಮಗಳ ಉಸಿರು ನನ್ನ ಭುಜಕ್ಕೆ ತಾಕುತ್ತಿತ್ತು. ಆ ಮನೆಯ ಕಿಟಕಿ, ಆ ಶಾಲೆಯ ಗಂಟೆ ನೆನಪಾದವು.

"ಡಬ್ಬೀದ್ರಿ, ಕಾಕಾ. ಆ ಹೆಸರ ಕಂಪನಿಯವ್ರು ಹಾಕಿದ್ದದ," ಎಂದೆ.

"ಕಂಪನಿಯವ್ರು," ಎಂದರು ಕಾಕಾ. ಕನ್ನಡಕ ತೆಗೆದು, "ಹೌದೇನ್ರಿ," ಎಂದರು.

ಅವರು ಕೂಗಾಡಲಿಲ್ಲ, ಮುಖ ಕೂಡ ಗಂಟಿಕ್ಕಲಿಲ್ಲ. ನನ್ನ ಕೈಯ ಹಾಳೆಯನ್ನು ತೆಗೆದುಕೊಂಡು, ತಮ್ಮ ಹಳೆಯ ಪೆನ್ನಿನಿಂದ ಡಬ್ಬಿಯ ನಂಬರನ್ನು ಒಂದೂ ಚುಕ್ಕೆ ತಪ್ಪದಂತೆ ದುಂಡಗೆ ಬರೆದು, ಮೇಜಿನ ತುದಿಯಲ್ಲಿಟ್ಟರು. ಕೈಗೆ ಕೊಡಲಿಲ್ಲ. ನಾನು ಎದ್ದು ಎತ್ತಿಕೊಂಡೆ. ಬಾಗಿಲಲ್ಲಿದ್ದ ಕಾಕಿ ತಟ್ಟೆಯ ಸಮೇತ ಒಳಗೆ ಹೋಗಿದ್ದರು.

ನಂಬರ್ ಸರಿಯಾಗಿತ್ತು. ಮೇಲೆ ಬಂದು ಒತ್ತಿದ ಕೂಡಲೇ ಡಬ್ಬಿ ಸಿಕ್ಕಿತು. ನಾನು ಅದಕ್ಕೆ ವಿಜ್ಞಾನದ ಪಾಠ ತುಂಬುತ್ತ ಕೂತೆ. ಅದರ ಮೈಮೇಲೆ ಕಾಕಾ ಎಳೆದ ಮೂರು ಗೆರೆ ಹಾಗೇ ಇದ್ದವು. ಮಧ್ಯಾಹ್ನ ಕೆಳಗಿನ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿತು. ಹಬ್ಬದ ಪಾತ್ರೆ ಜಾಸ್ತಿ ಇರುತ್ತವೆ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ಮೆಟ್ಟಿಲ ಮೇಲೆ ನಮ್ಮ ಬಟ್ಟಲುಗಳಿದ್ದವು. ಒಂದು ವರ್ಷದಲ್ಲಿ ಕೆಳಗೇ ಉಳಿದುಹೋಗಿದ್ದ ಎರಡು ಬಟ್ಟಲು, ಒಂದು ಡಬರಿ, ಮಗಳ ಊಟದ ಡಬ್ಬಿಯ ಮುಚ್ಚಳ. ಎಲ್ಲವೂ ಫಳಫಳ ಹೊಳೆಯುತ್ತಿದ್ದವು. ಬಗ್ಗಿ ನೋಡಿದೆ. ಒಂದು ಹರಳು ಸಕ್ಕರೆಯೂ ಇರಲಿಲ್ಲ.

"ಆಯಿ ಸಕ್ಕರಿ ಹಾಕೋದ ಮರ್ತಾಳ," ಎಂದಳು ಮಗಳು. ಹಾಗೆಂದು ನನ್ನ ಮುಖ ನೋಡಿದಳು. ಅವಳು ಅಷ್ಟೇನೂ ಸಣ್ಣವಳಲ್ಲ.

ಮೂರನೆಯ ದಿನ ಕಾಕಾ ಅರ್ಧ ಮೆಟ್ಟಿಲು ಹತ್ತಿ ಅಲ್ಲೇ ನಿಂತು ಮಾತಾಡಿದರು. "ನಮ್ಮ ಮಗ ಬರ್ತೀನಿ ಅನ್ನಾಕತ್ಯಾನ್ರಿ. ಮ್ಯಾಲಿನ ಮನಿ ಬೇಕಾಗ್ತದ. ತಿಂಗಳ ಕೊನೀಗಿ ಖಾಲಿ ಮಾಡಿದ್ರ ಛಲೋ ಆಗ್ತದ."

"ಮಗಳ ಪರೀಕ್ಷಾ ಮುಗಿಯೋ ತನಕ ಇರ್ತೀನ್ರಿ, ಕಾಕಾ," ಎಂದೆ. ಬೇಡಿಕೊಂಡೆ ಎಂದೇ ಹೇಳಬೇಕು.

"ಅಂವ ಜಲ್ದಿ ಬರ್ತಾನ್ರಿ," ಎಂದು ಇಳಿದು ಹೋದರು. ಅವರ ಬಾಯಲ್ಲಿ ಬುದ್ಧನಗರ ಎಂಬ ಹೆಸರು ಮತ್ತೆ ಬರಲೇ ಇಲ್ಲ. ಬಂದಿದ್ದರೆ ಜಗಳವಾಡಬಹುದಿತ್ತು, ಪೊಲೀಸ್ ಠಾಣೆಗೆ ಹೋಗಬಹುದಿತ್ತು. ಮಗ ಬರುತ್ತಾನೆ ಎನ್ನುವುದರ ಮೇಲೆ ಯಾವ ದೂರು ಕೊಡಲಿ? ಮೂವತ್ತು ವರ್ಷ ಕಾಗದಪತ್ರದಲ್ಲಿ ಪಳಗಿದ ಕೈ ಅದು. ಭಾನುವಾರ ಬಂದ ಗಂಡ ಎಲ್ಲ ಕೇಳಿ, "ನಿನಗ ಆ ಡಬ್ಬಿ ಬೇಕಾಗಿತ್ತೇನು?" ಎಂದು ನನ್ನ ಮೇಲೆಯೇ ರೇಗಿದರು.

ಸಾಮಾನು ಸಾಗಿಸುವ ದಿನ ಗಾಡಿ ತುಂಬಿಸಿ, ಬೀಗದ ಕೈ ಕೊಡಲು ನಾನೂ ಮಗಳೂ ಕೆಳಗಿನ ಬಾಗಿಲಿಗೆ ಹೋದೆವು. ಕಾಕಿ ಒಬ್ಬರೇ ಇದ್ದರು. ಬೀಗದ ಕೈಯನ್ನು ಹೊಸ್ತಿಲ ಮೇಲೆ ಇಡಲು ಕಣ್ಣಿನಲ್ಲೇ ಹೇಳಿದರು. ಇಟ್ಟೆ. ಅವರ ಕಣ್ಣು ಮಗಳ ಹೆರಳಿನ ಮೇಲೆ ಹೋಯಿತು. ನಾನು ಅವಸರದಲ್ಲಿ ಹಾಕಿದ್ದ ಹೆರಳು, ಸೊಟ್ಟಗಿತ್ತು.

"ಖರೇ ಹೇಳಿದ್ರ ಏನಾಗ್ತಿತ್ರಿ, ಅಕ್ಕೋರ? ನಮ್ಮ ಕೈಲೆ ತಪ್ಪ ಮಾಡಿಸಿದ್ರಿ," ಎಂದರು. ಅವರಿಗೆ ನಿಜವಾಗಿ ದುಃಖವಾಗಿತ್ತು, ಆ ದುಃಖ ನನ್ನ ಮೈ ಉರಿಸಿತು.

"ಮನಿ ಸಿಗ್ತಿರಲಿಲ್ರಿ," ಎಂದೆ.

ಮಗಳು ಇಬ್ಬರ ಮಾತನ್ನೂ ಕೇಳಿಸಿಕೊಂಡು ಗಾಡಿ ಹತ್ತಿದಳು. ಎರಡು ವಾರದ ನಂತರ ಆ ದಾರಿಯಲ್ಲಿ ಹೋದಾಗ ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಹಲಗೆ ತೂಗುತ್ತಿತ್ತು. ದುಂಡನೆಯ ಅಕ್ಷರ ನನಗೆ ಗುರುತು ಸಿಕ್ಕಿತು.

ಈಗಿನ ಮನೆ ಊರ ಹೊರಗಿದೆ, ನಮ್ಮವರ ನಡುವೆ. ಇಲ್ಲಿ ಯಾರೂ ಓಣಿ ಕೇಳಲಿಲ್ಲ. ಮಗಳು ಶಾಲೆಗೆ ಮುಕ್ಕಾಲು ತಾಸು ನಡೆಯುತ್ತಾಳೆ, ಗುಡ್ಡ ಹತ್ತಿ ಇಳಿಯಬೇಕು. ಸಂಜೆ ಬಂದು ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುತ್ತಾಳೆ. ನಾನು ಬಸ್ಸಿನಲ್ಲಿ ಕೂತು ಆ ಬಾಗಿಲನ್ನೇ ನೆನೆಯುತ್ತಿರುತ್ತೇನೆ. ಹೆರಳು ಈಗ ತಾನೇ ಹಾಕಿಕೊಳ್ಳುತ್ತಾಳೆ.

ಹೊಸ ಮನೆಗೆ ನಮ್ಮದೇ ನೆಟ್ ಹಾಕಿಸಿ, ಒಂದು ಭಾನುವಾರ ಡಬ್ಬಿಯನ್ನು ಹೊರತೆಗೆದೆ. ಸಂದುಗಳಲ್ಲಿ ವಿಭೂತಿ ಇನ್ನೂ ಸಿಕ್ಕಿಕೊಂಡಿತ್ತು. ಹೊಸ ರೌಟರ್ ಆದ್ದರಿಂದ ಹೊಸ ನಂಬರ್. ನನ್ನದೇ ರೌಟರ್, ನನ್ನದೇ ಪಾಸ್‌ವರ್ಡ್, ಪಟ್ಟಿಯನ್ನು ನಾನೇ ತೆರೆದು ನಾನೇ ಓದಿಕೊಂಡೆ. ನನ್ನ ಮೊಬೈಲು, ಗಂಡನ ಮೊಬೈಲು, ಲ್ಯಾಪ್‌ಟಾಪು. ಬುದ್ಧನಗರ ಇರಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಶಿವಕೃಪಾ' ಎಂದಿತ್ತು.

ಕಾಕಾ ಇಲ್ಲಿಗೂ ಬಂದರೇ ಎಂದು ಒಂದು ಕ್ಷಣ ಅನಿಸಿತು. ಹುಚ್ಚು ಯೋಚನೆ. ಡಬ್ಬಿಯ ವೈರು ಕಿತ್ತೆ, ಆ ಹೆಸರು ಪಟ್ಟಿಯಿಂದ ಹೋಯಿತು. ಮತ್ತೆ ಚುಚ್ಚಿದೆ, ಮತ್ತೆ ಬಂತು. ಡಬ್ಬಿಯ ಹೆಸರು ಬದಲಿಸುವುದು ಗೊತ್ತಿದ್ದದ್ದು ಮನೆಯಲ್ಲಿ ಇಬ್ಬರಿಗೇ. ಒಬ್ಬಳು ನಾನು. ಇನ್ನೊಬ್ಬಳಿಗೆ ನಾನೇ ಕಲಿಸಿದ್ದೆ.

ಮಗಳನ್ನು ಕರೆದೆ. "ಇದೇನಿದು?"

"ನಾನ ಬದ್ಲಿ ಮಾಡೀನಿ. ಆ ಮನಿ ಬಿಡೋಕಿಂತ ಪೈಲೇನ ಮಾಡಿದ್ದೆ," ಎಂದಳು. ಅಳುಕಿರಲಿಲ್ಲ.

"ಯಾಕ?"

"ಮತ್ತ ಯಾರರ ಪಟ್ಟಿ ಓದಿದ್ರ?"

"ಅದು ಅಜ್ಜ ಇಟ್ಟ ಹೆಸರು," ಎಂದೆ. ದನಿ ಏರಿತ್ತು. "ಅಜ್ಜ ಕೈಯಾರೆ ಬೋರ್ಡ್ ಬರ್ದಾನ. ಅದನ್ನ ಅಳಿಸಾಕ ನಿನಗ ಯಾರ ಹೇಳಿದ್ರು?"

"ನೀನ ಹೇಳಿದ್ಯಲ್ಲವ್ವ, ಕಂಪನಿಯವ್ರು ಹಾಕಿದ್ದು ಅಂತ."

ಲ್ಯಾಪ್‌ಟಾಪನ್ನು ಎಳೆದುಕೊಂಡು ಡಬ್ಬಿಯ ಒಳಗೆ ಹೋಗಿ, ಹೆಸರಿನ ಸಾಲನ್ನು ಅಳಿಸಿ, ಮೊದಲ ಅಕ್ಷರ ಬಿ ಒತ್ತಿದೆ. ಮಗಳು ಹಿಂದೆಯೇ ನಿಂತು ನೋಡುತ್ತಿದ್ದಳು.

"ಅವ್ವ, ಶಾಲ್ಯಾಗ ನನ್ನ ಗೆಳತ್ಯಾರು ಓಣಿ ಕೇಳಿದ್ರು," ಎಂದಳು. "ಅಗಸಿ ಹತ್ರ ಅಂತ ಹೇಳೀನಿ."

ಎರಡನೆಯ ಅಕ್ಷರ ಒತ್ತಲು ನನಗೆ ಆಗಲಿಲ್ಲ.